ಜವನ ಎಸೆಯುವ ತೋಳು

ನಂಜನಗೂಡಿನ ದೊಡ್ಡಜಾತ್ರೆಯಲ್ಲಿ ಜನರೆಲ್ಲ ತೇರು ನೋಡಿದರೆ ನಾನು ಈಚೆಗೆ ತೋಳು ನೋಡುತ್ತೇನೆ. ಈ ಚಟ ಹತ್ತಿಸಿದವಳು ತಮ್ಮನ ಮಗಳು. ಮೈಸೂರಿನಲ್ಲಿ ಮೆಡಿಕಲ್, ಮೊದಲ ವರ್ಷ. ಸೀನಿಯರ್‌ಗಳಿಂದ ಕೊಂಡ ಮೂಳೆ ಸೆಟ್ಟನ್ನು ನಮ್ಮ ಹಜಾರದಲ್ಲಿ ಹರಡಿಕೊಂಡು ಕೂತಳು. “ದೇವರ ಮನೆ ಹತ್ತಿರ ಮಾತ್ರ ತರಬೇಡ ಕಣೇ” ಎಂದಷ್ಟೇ ನಮ್ಮವಳ ಷರತ್ತು.

ಅವಳ ಚೌರಾಸಿಯಾ ಪುಸ್ತಕ ಶುರುವಾಗುವುದೇ ತೋಳಿನಿಂದ. ಇಡೀ ಕೈಯನ್ನು ಎದೆಗೂಡಿಗೆ ಮೂಳೆಯ ಮೂಲಕ ಜೋಡಿಸಿರುವುದು ಕಾಲರ್‌ಬೋನ್ ಒಂದೇ! ಬೆನ್ನಿನ ಸ್ಕ್ಯಾಪುಲಾ ಮಾಂಸದ ಆಸರೆಯಲ್ಲಿ ಪಕ್ಕೆಲುಬಿನ ಮೇಲೆ ಜಾರಾಡಿಕೊಂಡಿರುತ್ತದೆ. ಅದರ ಗುಳಿಗೋ ಆಳವೇ ಇಲ್ಲ. ತೋಳಿನ ಮೂಳೆಯ ಗುಂಡುತಲೆ ಅಲ್ಲಿ ಕೂತಿರುವುದು ಸ್ಕೂಲ್‌ಡೇ ಓಟದ ಚಮಚದಲ್ಲಿ ನಿಂಬೆಹಣ್ಣು ಕೂತಂತೆ. ಬೀಳದಂತೆ ಅವುಚಿಕೊಂಡಿರುವ ನಾಲ್ಕು ಸ್ನಾಯುಗಳಿಗೆ ರೊಟೇಟರ್ ಕಫ್ ಎಂದು ಹೆಸರು. ಸೊಂಟದ ಕೀಲಿನ ಗುಳಿ ಆಳ, ಭದ್ರ. ಆದರೆ ಕಾಲು ಕೈಯಷ್ಟು ಸುತ್ತುವುದಿಲ್ಲ. ಹೆಗಲು ಎತ್ತ ಬೇಕಾದರೂ ತಿರುಗುತ್ತದೆ, ಕೀಲು ತಪ್ಪುವುದರಲ್ಲೂ ಅದೇ ಮುಂದು.

ಇನ್ನು ಜಾತ್ರೆ. ಗೌತಮ ರಥ ಹೊರಟಾಗ ಹಣ್ಣು-ಜವನ ಎಸೆಯುವ ಹೊಸ ಮದುಮಗನನ್ನು ನೋಡಿ. ಕೈ ಮೊದಲು ಹಿಂದಕ್ಕೆ ಹೋಗಿ ಹೆಗಲು ಹೊರಕ್ಕೆ ತಿರುಗುತ್ತದೆ. ಆಮೇಲೆ ಎದೆಯ ಪೆಕ್ಟೊರಾಲಿಸ್, ಬೆನ್ನಿನ ಲ್ಯಾಟಿಸಿಮಸ್ ಸೇರಿ ಅದನ್ನು ಮುಂದಕ್ಕೆ ಬೀಸುತ್ತವೆ. ಬಾಳೆಹಣ್ಣು ಹಾರಿತು, ಕೈ ಉಳಿಯಿತು! ಅದನ್ನೂ ಹಣ್ಣಿನ ಹಿಂದೆ ಹೋಗದಂತೆ ತಡೆದು ನಿಲ್ಲಿಸುವುದು ಹಿಂಬದಿಯ ಇನ್‌ಫ್ರಾಸ್ಪೈನೇಟಸ್, ಟೆರಿಸ್ ಮೈನರ್. ಎಸೆತಕ್ಕಿಂತ ಈ ಬ್ರೇಕ್ ಹಾಕುವ ಕೆಲಸವೇ ಹೆಗಲಿಗೆ ಜಾಸ್ತಿ ಕಷ್ಟವಂತೆ. ಅರ್ಧ ಹಣ್ಣು ಕಳಶದವರೆಗೆ ಹೋಗದೆ ಹಗ್ಗ ಎಳೆಯುವವರ ತಲೆ ಮೇಲೆ ಬೀಳುತ್ತವೆ. ಅದು ಸ್ನಾಯುವಿನ ತಪ್ಪಲ್ಲ, ಗುರಿಯದು.

ನಮ್ಮವಳ ಬಲಗೈ ಮಾತ್ರ ಈ ಸಲ ಮೇಲೇಳಲೇ ಇಲ್ಲ. ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆಯವರಿಗೆ ಜಾಸ್ತಿ ಬರುತ್ತದೆ. ಕೀಲಿನ ಸುತ್ತಲಿನ ಚೀಲ ದಪ್ಪಗಾಗಿ ಬಿಗಿದುಕೊಂಡು, ಜಡೆ ಹಾಕಿಕೊಳ್ಳುವುದೇ ಸಾಹಸ. ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುವ ವ್ಯಾಯಾಮ ಹೇಳಿದ್ದಾರೆ. ದಿನಾ ಹತ್ತಿದ ಎತ್ತರಕ್ಕೆ ಪೆನ್ಸಿಲ್ ಗೆರೆ ಬೇರೆ. “ದೊಡ್ಡಮ್ಮ, ಹೆಗಲು ಕುಣಿಸಿ ಮೋಸ ಮಾಡಬೇಡಿ” ಎಂದು ಹುಡುಗಿಯ ಗದರಿಕೆ.

ಎಸೆಯುವ ತೋಳು ನಂಜನಗೂಡಿನದಾದರೆ ಹದವಾಗಿ ಎಳೆಯುವ ತೋಳು ತಿ. ನರಸೀಪುರದ್ದು. ಪಿಟೀಲು ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ಅಲ್ಲಿಯ ತಿರುಮಕೂಡಲಿನಲ್ಲಿ. ಸಭೆಯ ಕೊನೆಗೂ ನಾದ ಮುಟ್ಟಲೆಂದು ನಾಲ್ಕು ತಂತಿಗೆ ಇನ್ನು ಮೂರು ಸೇರಿಸಿ ಏಳು ಮಾಡಿದವರು. ಗಮಕ ಕೇಳಿ ತಲೆದೂಗುವವರು ಹೊಗಳುವುದೆಲ್ಲ ಎಡಗೈ ಬೆರಳುಗಳನ್ನು. ನನಗೆ ಈ ಪಕ್ಷಪಾತ ಒಪ್ಪಿಗೆಯಿಲ್ಲ. ಜೋಡಿ ತಂತಿಯ ಮೇಲೆ ಕಮಾನು ಒಂದೇ ಸಮನೆ ಒತ್ತಬೇಕು. ಹೆಗಲು ತೋಳನ್ನು ಎತ್ತಿ ಹಿಡಿದು ನಿಲ್ಲಬೇಕು. ಮೊಣಕೈಯನ್ನು ಟ್ರೈಸೆಪ್ಸ್ ಚಾಚಬೇಕು, ಬೈಸೆಪ್ಸ್ ಮಡಿಸಬೇಕು. ಕಛೇರಿ ಮುಗಿಯುವವರೆಗೂ ಇದೇ ದುಡಿಮೆ.

ಇದನ್ನು ಕೇಳಿದ ಹುಡುಗಿ ಈಗ ಚೌಡಯ್ಯನವರ ರೆಕಾರ್ಡಿಂಗ್ ಹಾಕಿಕೊಂಡು, ಗಾಳಿಯಲ್ಲಿ ಕಮಾನು ಎಳೆಯುತ್ತಾ ಪರೀಕ್ಷೆಗೆ ಓದುತ್ತಿದ್ದಾಳೆ. ತಾಳ ತಪ್ಪುತ್ತದೆ, ಸ್ನಾಯುವಿನ ಹೆಸರು ತಪ್ಪುವುದಿಲ್ಲ.