ಗುರುವಿನ ತರುವಾಯದ ನಾದ

ಮೂಲಪುರುಷನು ಕಣ್ಮರೆಯಾದ ಮೇಲೆ ಪರಂಪರೆಯು ಉಳಿಯುವುದೆಂತು? 1967ರಲ್ಲಿ ಎಡ್ಗರ್ ಫ್ರೋಸೆಯವರು ಪಶ್ಚಿಮ ಬರ್ಲಿನ್ನಿನಲ್ಲಿ ಕಟ್ಟಿದ ‘ಟ್ಯಾಂಜರೀನ್ ಡ್ರೀಮ್’ ಎಂಬ ವಿದ್ಯುನ್ಮಾನ ಸಂಗೀತವೃಂದಕ್ಕೆ ಈ ಪ್ರಶ್ನೆ 2015ರಲ್ಲಿ ಎದುರಾಯಿತು. ಅನೇಕ ವಾದಕರು ಬಂದು ಹೋದರೂ ಮೊದಲಿನಿಂದ ಕೊನೆಯವರೆಗೆ ನಿಂತಿದ್ದವರು ಅವರೊಬ್ಬರೇ; ಆ ವರ್ಷದ ಜನವರಿಯಲ್ಲಿ ಅವರು ಕಾಲವಶರಾದರು.

2022ರ ಫೆಬ್ರವರಿಯಲ್ಲಿ ಹೊರಬಂದ ‘ರೌಮ್’ ಎಂಬ ಧ್ವನಿಮುದ್ರಿಕೆಯೇ ಇದಕ್ಕೆ ಉತ್ತರವೆನ್ನಬಹುದು. 2005ರಿಂದ ಫ್ರೋಸೆಯವರೊಡನೆ ನುಡಿಸಿದ ಥಾರ್ಸ್ಟನ್ ಕ್ವೇಶ್ನಿಂಗ್ ಅವರೂ ಸಂಗಡಿಗರೂ, ಗುರುವು ಬಿಟ್ಟುಹೋದ ಧ್ವನಿಸುರುಳಿಗಳನ್ನೂ ಗಣಕಯಂತ್ರದಲ್ಲಿದ್ದ ಸ್ವರವಿನ್ಯಾಸಗಳನ್ನೂ ಆಧರಿಸಿ ಏಳು ಕೃತಿಗಳನ್ನು ರಚಿಸಿದ್ದಾರೆ. ಸೀಕ್ವೆನ್ಸರ್ ಎಂಬ ಯಂತ್ರವು ಕೆಲವೇ ಸ್ವರಗಳನ್ನು ಮರಳಿ ಮರಳಿ ಆವರ್ತಿಸುತ್ತಿರಲು, ಅದರ ಮೇಲೆ ಸಿಂಥಸೈಜರಿನ ನೀಳಸ್ವರಗಳೂ ಹೋಶಿಕೊ ಯಮಾನೆಯವರ ಪಿಟೀಲೂ ಹರಡಿಕೊಳ್ಳುತ್ತವೆ. 1974ರ ‘ಫೇಡ್ರಾ’ದಲ್ಲಿ ಮೆರೆದ ಆವರ್ತನವೇ ಇಲ್ಲಿಯೂ ಇದೆ, ನಾದವು ಮಾತ್ರ ಇನ್ನಷ್ಟು ತಿಳಿಯಾಗಿದೆ.

ಜರ್ಮನ್ ನುಡಿಯಲ್ಲಿ ‘ರೌಮ್’ ಎಂದರೆ ಎಡೆ, ಅವಕಾಶ. ಶಬ್ದವು ಆಕಾಶದ ಗುಣವೆಂದು ಬಗೆದ ನಮ್ಮ ತಾರ್ಕಿಕರಿಗೆ ಈ ಹೆಸರು ಒಪ್ಪಿಗೆಯಾಗುತ್ತಿತ್ತು. ಅದೇ ಹೆಸರಿನ ಕೊನೆಯ ಕೃತಿ ಸುಮಾರು 15 ನಿಮಿಷಗಳದು, ಅವಸರವಿಲ್ಲದೆ ಅರಳುತ್ತದೆ. ಗುರುವಿನ ದನಿಯನ್ನು ಅಳಿಸದೆ, ಅದರ ನೆರಳಿನಲ್ಲಿಯೇ ಅಡಗದೆ, ತಮ್ಮ ದನಿಗೂ ಎಡೆ ಮಾಡಿಕೊಂಡ ಶಿಷ್ಯರಿಂದಲೇ ಪರಂಪರೆಯು ಬಾಳುತ್ತದೆಂಬುದನ್ನು ಸಹೃದಯರು ಇಲ್ಲಿ ಕಿವಿಯಾರೆ ಅರಿಯಬಹುದು.