ತಂತಿಗೂ ಫ್ರೆಟ್ಟಿಗೂ ನಡುವೆ

ಲಿಯೊ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟು ಬದುಕು ಕಟ್ಟಿಕೊಂಡ ಮನುಷ್ಯ ಆತ. 1954ರಲ್ಲಿ ಅವನ ಕಂಪನಿ ಸ್ಟ್ರಾಟೊಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರ್ ಹೊರತಂದಿತು. ನಮ್ಮ ತಿ. ನರಸೀಪುರ, ನಂಜನಗೂಡಿನ ಆರ್ಕೆಸ್ಟ್ರಾ ಹುಡುಗರ ಹೆಗಲಿಗೆ ಇವತ್ತು ಜೋತುಬಿದ್ದಿರುವುದು ಹೆಚ್ಚಾಗಿ ಅದರ ಅಗ್ಗದ ನಕಲುಗಳೇ. ನನಗೂ ನುಡಿಸಲು ಬರುವುದಿಲ್ಲ. ಮುಡುಕುತೊರೆಯಲ್ಲಿ ಕೂತು ಗಿಟಾರ್ ರಿಪೇರಿ ಮಾಡುವವನನ್ನು ಕಂಡು “ಎಲ್ಲಿ, ಒಂದ್ ಹಾಡು ಬಾರ್ಸು” ಎಂದು ಕೆಣಕುವವರಿಗೆ ನಾನು ಫೆಂಡರ್ ಕಥೆ ಹೇಳುತ್ತೇನೆ.

ಜಾತ್ರೆ ಹತ್ತಿರ ಬಂತೆಂದರೆ ನನಗೆ ಸುಗ್ಗಿ. ಬೆಟ್ಟದ ಮೇಲೆ ಮಲ್ಲಿಕಾರ್ಜುನ ಸ್ವಾಮಿ, ಕೆಳಗೆ ದನಗಳ ಜಾತ್ರೆ, ಸುತ್ತಲ ಊರುಗಳಲ್ಲಿ ರಾತ್ರಿ ರಸಮಂಜರಿ. ಇಳಯರಾಜ ಸಂಗೀತದ 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಜನ ಕೇಳಿಯೇ ಕೇಳುತ್ತಾರೆ. ಗಿಟಾರ್ ಅಪಸ್ವರ ನುಡಿದರೆ ಮುಂದಿನ ಸಾಲಿನವರೇ ಕೂಗುತ್ತಾರೆ. ಆಗ ಹುಡುಗರು ಬರುತ್ತಾರೆ: “ಅಣ್ಣಾ, ಒಸಿ ನೋಡಣ್ಣ, ಒತ್ತುದ್ರೆ ಬೆಳ್ಳು ಕೊಯ್ದೋಯ್ತದೆ. ಹೊಸ್ದು ತಕ್ಕಳದೇ ವಾಸಿ ಅಲ್ವಾ?”

ವಾಸಿಯಲ್ಲ. ಎತ್ತು ಕೊಳ್ಳುವವನು ಬಾಯಿ ತೆರೆದು ಹಲ್ಲು ನೋಡುವಂತೆ ನಾನು ಮೊದಲು ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕುತ್ತಿಗೆಯಂತಿರುವ ನೆಕ್‌ನ ಉದ್ದಕ್ಕೂ ಒಂದೇ ಕಣ್ಣಲ್ಲಿ ದಿಟ್ಟಿಸುತ್ತೇನೆ. ಆರು ತಂತಿಗಳ ಎಳೆತ ಆ ಮರವನ್ನು ಹಗಲೂ ರಾತ್ರಿ ಬಗ್ಗಿಸುತ್ತಿರುತ್ತದೆ. ಅದಕ್ಕೆ ಎದುರಾಗಿ ನಿಲ್ಲುವುದು ನೆಕ್‌ನ ಒಳಗೆ ಹುದುಗಿದ ಟ್ರಸ್ ರಾಡ್ ಎಂಬ ಉಕ್ಕಿನ ಸರಳು. ನೆಕ್ ಪೂರ್ತಿ ನೆಟ್ಟಗಿರಬಾರದು, ಕೂದಲೆಳೆಯಷ್ಟು ಬಾಗಿರಬೇಕು. ಮೀಟಿದ ತಂತಿಗೆ ಅದುರಲು ಜಾಗ ಬೇಕಲ್ಲ. ನೆಕ್ಕಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್ಟುಗಳು. ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ತಂತಿಯನ್ನು ಒತ್ತಿ ಹಿಡಿದು, ಎಂಟನೆಯದರ ಮೇಲೆ ಕಾಲು ಮಿಲಿಮೀಟರ್ ಸಂದು ಉಳಿಯುತ್ತದೆಯೇ ಎಂದು ಅಳೆಯುತ್ತೇನೆ. ಅಳತೆಗೆ ಬೈಕ್ ಮೆಕ್ಯಾನಿಕ್ ಬಳಸುವ ಫೀಲರ್ ಗೇಜ್ ಸಾಕು. ಸರಳನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ತಿರುಗಿಸಿ, ಚಹಾ ಕುಡಿದು ಬಂದು ಮತ್ತೆ ನೋಡಬೇಕು. ಅವಸರದವರಿಗೆ ಈ ಕೆಲಸ ಆಗಿಬರುವುದಿಲ್ಲ.

ಬಿಸಿಲು ಏರಿದಂತೆ ಮರ ಒಣಗಿ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಅದರ ತುದಿಗಳು ಅಂಚಿನಿಂದ ಹೊರಚಾಚಿ ಅಂಗೈ ತರಚುತ್ತವೆ. ಸಣ್ಣ ಅರದಿಂದ ಉಜ್ಜಿ, ನುಣ್ಣನೆ ಎಮರಿ ಕಾಗದ ಆಡಿಸಿದರೆ ರೇಷ್ಮೆ ಸವರಿದ ಹಾಗೆ. ಹಳೆಯ ಒಳ್ಳೆಯ ಗಿಟಾರ್ ಕೈಗೆ ಬಂದರೆ ಫ್ರೆಟ್ ಬೋರ್ಡಿನ ಮರ ಬಹಳ ಸಲ ನಮ್ಮ ಬೀಟೆಯೇ. ಮೈಸೂರಿನ ಕುಸುರಿ ಕೆಲಸದವರು ನೆಚ್ಚಿದ ಮರಕ್ಕೆ ಜಗತ್ತಿನ ಗಿಟಾರ್ ತಯಾರಕರೂ ಮೊರೆಹೋದರು; ಬ್ರೆಜಿಲ್‌ನ ಬೀಟೆಯ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿಷೇಧ ಬಿದ್ದ ಮೇಲಂತೂ ಇನ್ನೂ ಹೆಚ್ಚು. ಆ ಮರಕ್ಕೆ ಕೊಬ್ಬರಿ ಎಣ್ಣೆ ಬಳಿದು ತರುವವರಿದ್ದಾರೆ. ದಯವಿಟ್ಟು ಬೇಡ, ಜಿಡ್ಡುಗಟ್ಟುತ್ತದೆ.

ನನಗೆ ಅತ್ಯಂತ ಖುಷಿ ಕೊಡುವುದು ಶ್ರುತಿಯ ಕೆಲಸ. ವೀಣೆ ಮಾಡುವವರು ಇಪ್ಪತ್ನಾಲ್ಕು ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿ, ಕಿವಿಗೊಟ್ಟು ಕೇಳಿ, ಒಂದೊಂದನ್ನೂ ಹಿಂದೆ ಮುಂದೆ ಸರಿಸಿ ಮೇಳ ಕಟ್ಟುತ್ತಾರೆ. ಗಿಟಾರಿನ ಫ್ರೆಟ್ಟುಗಳು ಮರಕ್ಕೆ ಬಡಿದು ಕೂರಿಸಿದವು, ಸರಿಯುವುದಿಲ್ಲ. ತಂತಿಯನ್ನು ಒತ್ತಿದಾಗ ಅದು ತುಸು ಬಿಗಿಯಾಗಿ ಸ್ವರ ಏರುತ್ತದೆ. ಆ ಏರಿಕೆಯನ್ನು ತಂತಿಗಳ ಬುಡದಲ್ಲಿರುವ ಬ್ರಿಡ್ಜಿನಲ್ಲೇ ತಿದ್ದಬೇಕು. ಹನ್ನೆರಡನೆಯ ಫ್ರೆಟ್ ಮೇಲೆ ಬೆರಳು ಸುಮ್ಮನೆ ಸೋಕಿಸಿ ಒಂದು ಸಲ, ಒತ್ತಿ ಒಂದು ಸಲ ಮೀಟುತ್ತೇನೆ. ಒತ್ತಿದ್ದು ಏರಿದ್ದರೆ ಬ್ರಿಡ್ಜಿನ ಮೇಲೆ ತಂತಿ ಕೂರುವ ಸ್ಯಾಡಲ್ಲನ್ನು ಸ್ಕ್ರೂ ತಿರುಗಿಸಿ ಹಿಂದಕ್ಕೆಳೆದು ತಂತಿ ಉದ್ದ ಮಾಡುತ್ತೇನೆ. ಎರಡು ನಾದಗಳೂ ಒಂದಾಗುವ ಗಳಿಗೆ ಬರುತ್ತದೆ ನೋಡಿ, ಅದಕ್ಕಾಗಿಯೇ ನಾನು ಈ ಹುಚ್ಚು ಹಚ್ಚಿಕೊಂಡಿರುವುದು.

ಇಷ್ಟಾದರೂ ಕೆಲವು ಗಿಟಾರ್‌ಗಳ ದಪ್ಪ ತಂತಿಯ ಸ್ವರ ತೂರಾಡುತ್ತದೆ. ಹುಡುಗರು ಸದ್ದು ಜೋರಾಗಲೆಂದು ಪಿಕಪ್ಪನ್ನು ತಂತಿಯ ಹತ್ತಿರಕ್ಕೆ ಏರಿಸಿರುತ್ತಾರೆ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ. ಅದು ತೀರ ಹತ್ತಿರವಿದ್ದರೆ ಉಕ್ಕಿನ ತಂತಿಯನ್ನೇ ಎಳೆದು ಸ್ವರ ಕೆಡಿಸುತ್ತದೆ. ಇಳಿಸಿ, ನಾದ ಹಿಗ್ಗುತ್ತದೆ. ಜೋರು ಬೇಕಿದ್ದರೆ ಆಂಪ್ಲಿಫೈಯರ್ ಇದೆಯಲ್ಲ.

ಇನ್ನು ಗುಂಯ್‌ಗುಡುವ ಸದ್ದು. ಒಂದೇ ಸುರುಳಿಯ ಪಿಕಪ್ ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್‌ಗಾನವನ್ನೂ ಹೀರಿಕೊಳ್ಳುತ್ತದೆ. ಗಿಟಾರಿನೊಳಗಿನ ಗುಳಿಗಳಿಗೆ ತಾಮ್ರದ ಹಾಳೆ ಅಂಟಿಸಿ, ಬಿಟ್ಟುಹೋದ ವೈರ್ ಬೆಸೆದರೆ ಸದ್ದು ಒಂದಷ್ಟು ತಗ್ಗುತ್ತದೆ. ಆದರೆ ವೇದಿಕೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ ನನ್ನ ಬೆಸುಗೆ ಏನು ಮಾಡೀತು? ಅದು ಬರೀ ಸದ್ದಿನ ಮಾತಲ್ಲ. ಗಿಟಾರಿನ ತಂತಿಗಳು ಬ್ರಿಡ್ಜಿನ ಮೂಲಕ ಆಂಪ್ಲಿಫೈಯರಿನ ಮೈಗೆ ಜೋಡಿಸಿರುತ್ತವೆ; ಅಲ್ಲಿ ಕರೆಂಟು ಸೋರುತ್ತಿದ್ದರೆ ತಂತಿ ಹಿಡಿದವನ ತುಟಿ ಮೈಕಿಗೆ ತಾಗಿದಾಗ ಶಾಕ್ ಹೊಡೆಯುತ್ತದೆ, ಜೀವಕ್ಕೂ ಅಪಾಯ. ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುವ ಊರ ಯಜಮಾನರಲ್ಲಿ ನನ್ನದೊಂದೇ ಕೋರಿಕೆ: ಪೆಂಡಾಲಿನ ಲೈಟ್ ಸೀರಿಯಲ್ ಸೆಟ್ಟಿಗೆ ಖರ್ಚು ಮಾಡುವ ಮೊದಲು ವೇದಿಕೆಗೆ ಸರಿಯಾದ ಅರ್ಥಿಂಗ್ ಕೊಡಿಸಿ.