ಸೋತ ಮ್ಯಾಚಿನ ಹದಿಮೂರು ವಿಕೆಟ್

ಸುರತ್ಕಲ್ ಅಂದ ಕೂಡಲೇ ಕ್ರಿಕೆಟ್ ನೋಡುವವರು "ಕೆ.ಎಲ್. ರಾಹುಲ್ ಊರಲ್ವಾ?" ಅಂತ ಕೇಳ್ತಾರೆ. ಹೌದು ಮಾರಾಯ್ರೆ, ಎನ್‌ಐಟಿಕೆ ಪ್ರೊಫೆಸರ್ ಮಗ, ಇಲ್ಲೇ ಆಡಿ ಬೆಳೆದವರು, ಹೆಮ್ಮೆ ಉಂಟು. ಆದರೆ ನನ್ನ ವಯಸ್ಸಿನ ಬಿಇ ಹುಡುಗರ ಹೀರೋ ಒಬ್ಬ ಬೌಲರ್. ಮೈಸೂರಿನ ಎಸ್‌ಜೆಸಿಇಯಲ್ಲಿ ಇನ್‌ಸ್ಟ್ರುಮೆಂಟೇಶನ್ ಓದಿದ ಜಾವಗಲ್ ಶ್ರೀನಾಥ್.

ನಮ್ಮ ಹಳ್ಳಿಯಲ್ಲಿ ಕೊಯ್ಲಾದ ಗದ್ದೆಯೇ ಮೈದಾನ. ಆಡುತ್ತಿದ್ದದ್ದು ಅಂಡರ್ ಆರ್ಮ್. ಕೈ ಮೇಲೆತ್ತಿದರೆ ನೋಬಾಲ್. ಹಾಗಾಗಿ ಶ್ರೀನಾಥ್ ಓಡಿಬಂದು, ಜಿಗಿದು, ತೋಳು ತಿರುಗಿಸಿ ಚೆಂಡು ಬಿಡುವುದನ್ನು ಟಿವಿಯಲ್ಲಿ ನೋಡುವುದೇ ಒಂದು ಹಬ್ಬ. "ಮೊದಲು ಇಂಜಿನಿಯರ್ ಆಗು, ಆಟ ಆಮೇಲೆ" ಅನ್ನುತ್ತಿದ್ದ ಅಪ್ಪನಿಗೆ ನಮ್ಮದು ಒಂದೇ ಉತ್ತರ: "ಶ್ರೀನಾಥ್, ಕುಂಬ್ಳೆ ಎರಡೂ ಮಾಡಿದ್ದಾರಲ್ಲ!"

1989-90ರಲ್ಲಿ ಹೈದರಾಬಾದ್ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಶುರು. ಆದರೆ ನಮ್ಮ ದೇಶದಲ್ಲೇ ಟೆಸ್ಟ್ ಆಡಲು 1994ರವರೆಗೆ ಕಾಯಬೇಕಾಯ್ತು. ಇಲ್ಲಿನ ಪಿಚ್‌ಗಳಲ್ಲಿ ಸ್ಪಿನ್ನರ್‌ಗಳೇ ರಾಜರು. ಹೊಸ ಚೆಂಡಿಗೆ ಕಪಿಲ್ ಇದ್ದರು. ಮೂರು ವರ್ಷ ಬೆಂಚ್ ಅಂದರೆ ಏನು ಅಂತ ಐಟಿಯವರಿಗೆ ಬೇರೆ ಹೇಳಬೇಕಾ?

ಸಿಕ್ಕಿದ ಪಿಚ್ ಯಾವುದಾದರೂ ಸರಿ, ಬೌಲ್ ಮಾಡಿದರು. 1996ರಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಬೇಕಿದ್ದದ್ದು 170 ರನ್. ಶ್ರೀನಾಥ್ 21 ರನ್ ಕೊಟ್ಟು 6 ವಿಕೆಟ್ ತೆಗೆದರು; ಅವರು 105ಕ್ಕೆ ಆಲೌಟ್. ಮರುವರ್ಷವೇ ಭುಜ ಕೈಕೊಟ್ಟಿತು. ರೋಟೇಟರ್ ಕಫ್ ಗಾಯ. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಆಪರೇಷನ್ ಆಯ್ತು. ಆನ್‌ಸೈಟ್ ಇದ್ದಾಗ ಅಮೆರಿಕದಲ್ಲಿ ಬೇಸ್‌ಬಾಲ್ ನೋಡಿದ್ದೆ. ಅಲ್ಲಿ ಪಿಚರ್ ಎಸೆದ ಒಂದೊಂದು ಚೆಂಡನ್ನೂ ಲೆಕ್ಕ ಇಡ್ತಾರೆ. ನೂರರ ಹತ್ತಿರ ಬಂದರೆ ಸಾಮಾನ್ಯವಾಗಿ ಬೇರೆಯವನನ್ನು ಇಳಿಸ್ತಾರೆ. ಚಿಕ್ಕಂದಿನಲ್ಲಿ ನಾನು ಕೇಳಿದ ಕ್ರಿಕೆಟ್ ಕಾಮೆಂಟರಿಯಲ್ಲಿ ಆ ಲೆಕ್ಕ ಒಮ್ಮೆಯೂ ಬಂದದ್ದಿಲ್ಲ.

ನನ್ನನ್ನು ಈಗಲೂ ಕಾಡುವುದು 1999ರ ಫೆಬ್ರವರಿ. ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಕುಂಬ್ಳೆ ಒಂಬತ್ತು ವಿಕೆಟ್ ತೆಗೆದಿದ್ದಾರೆ, ಉಳಿದದ್ದು ಒಂದೇ. ಇನ್ನೊಂದು ತುದಿಯಲ್ಲಿ ಚೆಂಡು ಶ್ರೀನಾಥ್ ಕೈಯಲ್ಲಿ. ಇಡೀ ಓವರ್ ಸ್ಟಂಪಿನಿಂದ ಆಚೆಗೇ ಹಾಕಿದರು, ಯಾರೂ ಔಟಾಗಬಾರದು ಅಂತ. ಹತ್ತನೆಯದೂ ಕುಂಬ್ಳೆಗೇ ಸಿಕ್ಕಿತು, ಅದು ಇತಿಹಾಸ. ಎರಡೇ ವಾರದಲ್ಲಿ ಕೋಲ್ಕತ್ತಾ, ಈಡನ್ ಗಾರ್ಡನ್ಸ್. ಮೊದಲ ಇನ್ನಿಂಗ್ಸ್‌ನಲ್ಲಿ 5, ಎರಡನೆಯದರಲ್ಲಿ 86 ರನ್ನಿಗೆ 8. ಒಟ್ಟು 13 ವಿಕೆಟ್. ಭಾರತ ಸೋತದ್ದು 46 ರನ್ನಿಂದ.

ಕೊನೆಯೂ ಹಾಗೇ. ಟೆಸ್ಟ್ ಬಿಟ್ಟಿದ್ದವರನ್ನು ಗಂಗೂಲಿ 2003ರ ವಿಶ್ವಕಪ್‌ಗೆ ಒಪ್ಪಿಸಿ ಕರೆತಂದರು. ಫೈನಲ್‌ನಲ್ಲಿ ಆಸ್ಟ್ರೇಲಿಯಾ 359 ಹೊಡೆಯಿತು. ಶ್ರೀನಾಥ್ 10 ಓವರ್, 87 ರನ್, ವಿಕೆಟ್ ಇಲ್ಲ. ಅದೇ ಕೊನೆಯ ಪಂದ್ಯ. 236 ಟೆಸ್ಟ್ ವಿಕೆಟ್, 315 ಏಕದಿನ ವಿಕೆಟ್ ತೆಗೆದ ಮನುಷ್ಯನ ಬಗ್ಗೆ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಆವತ್ತು ಮಾತಾಡಿದ್ದು ಆ ಹತ್ತು ಓವರ್ ಮಾತ್ರ.

ಕಳೆದ ವರ್ಷ ನಮ್ಮ ಟೀಮಿನ ಹದಿನಾಲ್ಕು ತಿಂಗಳ ಕೆಲಸವನ್ನು ಕ್ಲೈಂಟ್ ಒಂದು ಸಂಜೆಯ ಕಾಲ್‌ನಲ್ಲಿ ನಿಲ್ಲಿಸಿದ. ಕೋಡ್‌ನಲ್ಲಿ ತಪ್ಪಿರಲಿಲ್ಲ, ಅವರ ಬಜೆಟ್ ಮುಗಿದಿತ್ತು. ಅಪ್ರೈಸಲ್ ಫಾರ್ಮ್‌ನಲ್ಲಿ 'ಬಿಸಿನೆಸ್ ಇಂಪ್ಯಾಕ್ಟ್' ಅನ್ನುವ ಜಾಗಕ್ಕೆ ಬರೆಯಲು ಏನೂ ಇಲ್ಲ. ನನ್ನ ಕೈಕೆಳಗೆ ಮೂವರು ಹೊಸಬರು, ಮೂವರಿಗೂ ಮೊದಲ ರೇಟಿಂಗ್. ಯಾರು ಯಾವ ರಾತ್ರಿ ಕೂತು ಏನು ಸರಿಮಾಡಿದರು ಅಂತ ಎರಡು ಪುಟ ಬರೆದು ಕಳಿಸಿದೆ. ರಿಸಲ್ಟ್ ಇಲ್ಲದ ಕೆಲಸ ಕೆಲಸವೇ ಅಲ್ಲ ಅನ್ನುವ ಫಾರ್ಮಿಗೆ ಬೇರೆ ಹೇಗೆ ಉತ್ತರ ಕೊಡೋದು?

ಇಬ್ಬರಿಗೆ ಒಳ್ಳೆ ರೇಟಿಂಗ್ ಬಂತು. ಒಬ್ಬಳಿಗೆ ಬರಲಿಲ್ಲ. ಮಂಕಾಗಿ ಕೂತಿದ್ದ ಆ ಹುಡುಗಿಗೆ ಈಡನ್ ಗಾರ್ಡನ್ಸ್ ಸ್ಪೆಲ್‌ನ ಯೂಟ್ಯೂಬ್ ಲಿಂಕ್ ಕಳಿಸಿದೆ.

"ಇದ್ರಲ್ಲಿ ನಾವು ಗೆದ್ವಾ ಸರ್?" ಅಂತ ಮೆಸೇಜ್ ಬಂತು.

"ಇಲ್ಲ. ಆದ್ರೂ ಪೂರ್ತಿ ನೋಡು" ಅಂದೆ.